ಇಶಿಹಾರಾ 38 ಪುಟದ ಪುಸ್ತಕ: ಕೊಡಗಿನ ಮನೆಗಳಿಗೆ, ತೋಟಗಳಿಗೆ ಎಷ್ಟು ಉಪಯೋಗ?

ಕೆಂಪು–ಹಸಿರು ಬಣ್ಣಗುರುಡನ್ನು ಪತ್ತೆಹಚ್ಚಲು ಇಂದಿಗೂ ಮೊದಲು ಕೈಗೆತ್ತಿಕೊಳ್ಳಬೇಕಾದದ್ದು ಇಶಿಹಾರಾ ಪುಸ್ತಕವನ್ನೇ. ಜಪಾನಿನ ನೇತ್ರವೈದ್ಯ ಶಿನೊಬು ಇಶಿಹಾರಾ ಸೈನ್ಯಕ್ಕೆ ಸೇರುವವರ ಕಣ್ಣು ಪರೀಕ್ಷಿಸಲೆಂದು ರೂಪಿಸಿ 1917ರಲ್ಲಿ ಪ್ರಕಟಿಸಿದ, ಬಣ್ಣದ ಚುಕ್ಕೆಗಳ ನಡುವೆ ಅಡಗಿದ ಸಂಖ್ಯೆ ಓದಿಸುವ ಈ ಪುಸ್ತಕಕ್ಕೆ ನೂರು ವರ್ಷ ದಾಟಿದೆ. ಯಂತ್ರ ಬೇಡ, ವಿದ್ಯುತ್ ಬೇಡ, ಐದು ನಿಮಿಷದಲ್ಲಿ ಉತ್ತರ ಸಿಗುತ್ತದೆ. ಕೊಡಗಿನಲ್ಲಂತೂ ಇದಕ್ಕೆ ಕೈತುಂಬ ಕೆಲಸವಿದೆ. ಹುಡುಗರು ಸೇನೆಯ ಕನಸು ಕಾಣುವ ಜಿಲ್ಲೆ ಇದು. ಹಸಿರೆಲೆಗಳ ನಡುವಿನಿಂದ ಕೆಂಪು ಹಣ್ಣನ್ನೇ ಆರಿಸಿ ಕೊಯ್ಯಬೇಕಾದ ಕಾಫಿ ಜಿಲ್ಲೆಯೂ ಹೌದು. ಹೀಗಿದ್ದೂ ಹೆಚ್ಚಿನ ಹುಡುಗರಿಗೆ ತಮ್ಮ ಕಣ್ಣಿನ ವಿಷಯ ತಿಳಿಯುವುದು ಹದಿನೆಂಟು ದಾಟಿದ ಮೇಲೆ, ಭರ್ತಿಯ ವೈದ್ಯಕೀಯ ಪರೀಕ್ಷೆಯ ಮೇಜಿನ ಮುಂದೆ. ಆ ನೋವು ತಪ್ಪಿಸಬಹುದಾದದ್ದು. ಏಳನೇ ತರಗತಿಯಲ್ಲೇ ತಿಳಿದಿದ್ದರೆ ಯಾವ ದಾರಿ ತೆರೆದಿದೆ, ಯಾವುದು ಇಲ್ಲ ಎಂದು ನೋಡಿಕೊಂಡು ಓದಬಹುದಿತ್ತು.

ಪುಸ್ತಕ ಒಳ್ಳೆಯದೆಂದು ಮೊದಲೇ ಹೇಳಿಬಿಡುತ್ತೇವೆ. ಆದರೆ ಅದು ಯಾರಿಗೆ ದೋಷವಿದೆ ಎಂಬುದನ್ನಷ್ಟೇ ಹೇಳುತ್ತದೆ. ಆ ದೋಷ ಮನೆಯೊಳಗೆ ಎಲ್ಲಿಂದ ಬಂತು, ಮುಂದೆ ಯಾರಿಗೆ ಹೋಗಬಹುದು ಎಂಬುದನ್ನು ನಾವೇ ಒಂದು ಹಾಳೆಯಲ್ಲಿ ಬರೆದು ನೋಡಬೇಕು. ಆ ಹಾಳೆಯಿಲ್ಲದ ಪುಸ್ತಕ ಅರ್ಧ ಸಾಧನ.

ಆವೃತ್ತಿಗಳು ಮೂರು: 14, 24 ಮತ್ತು 38 ಪುಟದವು. 38ರದ್ದು ದುಬಾರಿ. ಆದರೂ ಅದನ್ನೇ ಕೊಳ್ಳಿ ಎನ್ನುತ್ತೇವೆ, ಕಾರಣ ಮುಂದೆ ಬರುತ್ತದೆ. ಮೊದಲ ಪುಟದ 12 ಎಲ್ಲರಿಗೂ ಕಾಣುತ್ತದೆ. ಅದು ಪರೀಕ್ಷೆ ಏನೆಂದು ತೋರಿಸಿಕೊಡುವ ಪುಟ. ಅದನ್ನೂ ಓದಲಾಗದಿದ್ದರೆ ತೊಂದರೆ ಬಣ್ಣದ್ದಲ್ಲ, ಒಟ್ಟು ದೃಷ್ಟಿಯದ್ದು, ಇಲ್ಲವೇ ಹೇಳಿದ್ದು ಅರ್ಥವಾಗಿಲ್ಲ. 2ರಿಂದ 9ರ ತನಕ ಒಂದೇ ಪುಟದಲ್ಲಿ ಇಬ್ಬರಿಗೆ ಎರಡು ಸಂಖ್ಯೆ ಕಾಣುವಂತೆ ಚುಕ್ಕೆಗಳನ್ನು ಜೋಡಿಸಲಾಗಿದೆ. ಎರಡನೇ ಪುಟದಲ್ಲಿ ಸಾಮಾನ್ಯ ಕಣ್ಣಿಗೆ 8, ಕೆಂಪು–ಹಸಿರು ದೋಷವಿದ್ದವರಿಗೆ 3. ನಾಲ್ಕನೆಯದರಲ್ಲಿ 29 ಇದ್ದದ್ದು 70 ಆಗುತ್ತದೆ, ಒಂಬತ್ತನೆಯದರಲ್ಲಿ 74 ಇದ್ದದ್ದು 21. 10ರಿಂದ 17ರ ತನಕದ ಸಂಖ್ಯೆಗಳು ದೋಷವಿದ್ದವರಿಗೆ ಮಾಯವಾಗುತ್ತವೆ. 18ರಿಂದ 21ರಲ್ಲಿ ಇದು ತಿರುವುಮುರುವು: ಸಾಮಾನ್ಯರಿಗೆ ಏನೂ ಕಾಣದು, ದೋಷವಿದ್ದವರಲ್ಲಿ ಹೆಚ್ಚಿನವರಿಗೆ 5, 2, 45, 73 ಕಾಣುತ್ತವೆ. ಈ ಮೊದಲ 21 ಪುಟಗಳಲ್ಲಿ 17 ಅಥವಾ ಹೆಚ್ಚು ಸರಿಯಿದ್ದರೆ ಸಾಮಾನ್ಯ ದೃಷ್ಟಿ, 13 ಅಥವಾ ಕಡಿಮೆಯಾದರೆ ದೋಷ. ನಡುವಿನ 14ರಿಂದ 16 ಬರುವುದು ಅಪರೂಪ. ಬಂದರೆ ಬೇರೆ ದಿನ, ಒಳ್ಳೆಯ ಹಗಲ ಬೆಳಕಿನಲ್ಲಿ ಮತ್ತೆ ಕೂರಿಸಿ.

ಹಣ ಕೊಡುವುದು 22ರಿಂದ 25ರ ತನಕದ ನಾಲ್ಕು ಪುಟಗಳಿಗಾಗಿ. ಇಲ್ಲಿ 26, 42, 35, 96 ಎಂಬ ಎರಡಂಕಿಯ ಸಂಖ್ಯೆಗಳಿವೆ. ಕಣ್ಣಿನೊಳಗೆ ಬಣ್ಣ ಗ್ರಹಿಸುವ ಕೋಶಗಳಿಗೆ ಕೋನ್ ಎಂದು ಹೆಸರು. ಕೆಂಪಿನ ಕೋನ್ ಕೋಶದಲ್ಲಿ ದೋಷವಿರುವ ಪ್ರೋಟಾನ್ ಬಗೆಯವರಿಗೆ ಬಲಗಡೆಯ ಅಂಕಿಯಷ್ಟೇ ಕಾಣುತ್ತದೆ: 6, 2, 5, 6. ಹಸಿರಿನ ಕೋನ್ ಕೋಶದ ಡ್ಯೂಟಾನ್ ಬಗೆಯವರಿಗೆ ಎಡಗಡೆಯದಷ್ಟೇ: 2, 4, 3, 9. ದೋಷ ಸೌಮ್ಯವಾಗಿದ್ದರೆ ಎರಡೂ ಕಾಣಬಹುದು, ಒಂದು ಮಸುಕಾಗಿ. ಯಾವುದು ಮಸುಕು ಎಂದು ಕೇಳಿ ಬರೆದುಕೊಳ್ಳಬೇಕು. 14 ಮತ್ತು 24 ಪುಟದ ಆವೃತ್ತಿಗಳಲ್ಲಿ ಇಂಥ ಪುಟಗಳು ಎರಡೆರಡೇ. ಕುಟುಂಬದ ನಕ್ಷೆ ಬರೆಯುವಾಗ ಪ್ರೋಟಾನೋ ಡ್ಯೂಟಾನೋ ಎಂಬುದೇ ಕೈಹಿಡಿಯುವ ಸುಳಿವಾದ್ದರಿಂದ ನಾಲ್ಕು ಪುಟ ಇರುವುದು ಲೇಸು. 26ರಿಂದ ಕೊನೆಯ ತನಕ ಇರುವವು ಅಂಕಿ ಬಾರದವರು ಮತ್ತು ಪುಟ್ಟ ಮಕ್ಕಳು ಗೆರೆಯ ಜಾಡು ಹಿಡಿದು ಎಳೆಯುವ ಪುಟಗಳು. ತೋಟದ ಕಾರ್ಮಿಕರ ಲೈನ್ ಮನೆಗಳಲ್ಲಿ ಪರೀಕ್ಷೆ ಮಾಡುವವರಿಗೆ ಇವು ಬೇಕೇ ಬೇಕು.

ಪರೀಕ್ಷೆ ಕೆಡುವುದು ಹೆಚ್ಚಾಗಿ ಬೆಳಕಿನಿಂದ. ಪುಸ್ತಕದ ಚುಕ್ಕೆಗಳು ಹಗಲ ಬೆಳಕಿಗೆ ಹೊಂದಿಸಿದವು. ಹಳದಿ ಬಲ್ಬಿನಡಿ ಡ್ಯೂಟಾನ್ ಹುಡುಗ ಕೆಲವು ಪುಟಗಳನ್ನು ಸರಿಯಾಗಿಯೇ ಓದಿಬಿಡುತ್ತಾನೆ. ಮನೆಯವರು ನಿಶ್ಚಿಂತರಾಗುತ್ತಾರೆ, ಮುಂದೆ ಭರ್ತಿಯ ಪರೀಕ್ಷೆಯಲ್ಲಿ ಅವನು ಸಿಕ್ಕಿಬೀಳುತ್ತಾನೆ. ಕೊಡಗಿನ ಮನೆಗಳಿಗೆ ಇನ್ನೂ ಒಂದೆರಡು ತೊಡಕುಗಳಿವೆ. ಕೆಂಪು ರೆಡ್‌ಆಕ್ಸೈಡ್ ನೆಲದ ಜಗಲಿ, ಹಸಿರು ಫೈಬರ್ ಶೀಟ್ ಹೊದಿಸಿದ ಅಂಗಳ, ಸಿಲ್ವರ್ ಓಕ್ ನೆರಳು: ಮೂರೂ ಪುಟದ ಮೇಲೆ ತಮ್ಮ ಬಣ್ಣ ಚೆಲ್ಲುತ್ತವೆ. ಆಷಾಢದ ಮಧ್ಯಾಹ್ನದ ಮೋಡದ ಬೆಳಕು ಸಾಲದು. ಬಿಳಿ ಗೋಡೆಯ ಕೋಣೆಯಲ್ಲಿ, ಉತ್ತರದ ಕಿಟಕಿಯ ಪಕ್ಕ, ಬಿಸಿಲು ನೇರ ಬೀಳದ ಕಡೆ ಬೆಳಗ್ಗೆ ಹತ್ತರಿಂದ ಮೂರರೊಳಗೆ ಕೂರಿಸಿ. ಮಳೆಗಾಲದಲ್ಲಿ ದೀಪವೇ ಗತಿಯಾದರೆ 6500 ಕೆಲ್ವಿನ್ (ಹಗಲ ಬೆಳಕಿನ ಬಿಳಿ), ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬ ಅಳತೆಯಾದ ಸಿಆರ್‌ಐ 90ಕ್ಕೆ ಮೇಲಿನ ಎಲ್‌ಇಡಿ ತನ್ನಿ. ಅಂಗಡಿಯಲ್ಲಿ ಸಿಗುವ ‘ಕೂಲ್ ಡೇಲೈಟ್’ ಬಲ್ಬುಗಳಲ್ಲಿ ಹೆಚ್ಚಿನವು ನೋಡಲು ಬಿಳಿ, ಸಿಆರ್‌ಐ ಮಾತ್ರ 80ರ ಆಸುಪಾಸು. ಡಬ್ಬದ ಮೇಲೆ ಓದಿ ಕೊಳ್ಳಬೇಕು.

ದೂರ 75 ಸೆಂಟಿಮೀಟರ್. ಪುಟ ನೋಟಕ್ಕೆ ನೇರವಾಗಿ ಎದುರಿರಲಿ, ಓರೆಯಾಗಬಾರದು. ಒಂದು ಪುಟಕ್ಕೆ 3 ಸೆಕೆಂಡು, ಗೆರೆ ಎಳೆಯುವ ಪುಟಕ್ಕೆ 10. ಹುಡುಗ ಮುಖ ಹತ್ತಿರ ತಂದು, ತಲೆ ಓರೆ ಮಾಡಿ ಚುಕ್ಕೆ ಎಣಿಸತೊಡಗಿದರೆ ಆ ಪುಟ ತಪ್ಪೆಂದೇ ಲೆಕ್ಕ. ಓದುವ ಕನ್ನಡಕ ಇರಲಿ, ಬಿಸಿಲಿಗೆ ಕಪ್ಪಾಗುವ ಕನ್ನಡಕ ಮತ್ತು ಬಣ್ಣದ ಕಾಂಟ್ಯಾಕ್ಟ್ ಲೆನ್ಸ್ ತೆಗೆಸಿ. ಬೆರಳಿನಿಂದ ಪುಟ ಮುಟ್ಟಬಾರದು, ಬೆವರು ಮತ್ತು ಎಣ್ಣೆಯಂಶ ಚುಕ್ಕೆಗಳ ಬಣ್ಣ ಕೆಡಿಸುತ್ತವೆ. ಗೆರೆ ಎಳೆಯಲು ಒಣ ಕುಂಚ ಕೊಡಿ. ಪುಟಗಳನ್ನು ಮುದ್ರಿತ ಕ್ರಮದಲ್ಲೇ ತೋರಿಸಬೇಡಿ. ಉತ್ತರಗಳ ಪಟ್ಟಿ ಬಾಯಿಪಾಠ ಮಾಡಿಬರುವವರು ಕ್ರಮ ಬದಲಾದ ಕೂಡಲೇ ತಡವರಿಸುತ್ತಾರೆ. ಎರಡು ಕಣ್ಣನ್ನೂ ಬೇರೆಬೇರೆಯಾಗಿ ಪರೀಕ್ಷಿಸಿ. ಹುಟ್ಟಿನಿಂದ ಬಂದ ದೋಷ ಎರಡೂ ಕಣ್ಣಿಗೆ ಸಮ. ಒಂದು ಕಣ್ಣಿಗಷ್ಟೇ ಇದ್ದರೆ, ಅಥವಾ ಹಿಂದೆ ಸರಿಯಿದ್ದು ಈಗ ಕೆಟ್ಟಿದ್ದರೆ, ಅದು ನರದ ಅಥವಾ ರೆಟಿನಾದ ಕಾಯಿಲೆ ಇರಬಹುದು. ಕ್ಷಯಕ್ಕೆ ಕೊಡುವ ಎಥಾಂಬುಟಾಲ್ ಮಾತ್ರೆಯೂ ಹೀಗೆ ಮಾಡಬಲ್ಲದು. ಅಂಥವರನ್ನು ತಡಮಾಡದೆ ಕಣ್ಣಿನ ವೈದ್ಯರಲ್ಲಿಗೆ ಕಳಿಸಬೇಕು.

ನಕಲು ಮುದ್ರಣ, ಬಣ್ಣದ ಜೆರಾಕ್ಸ್, ಮೊಬೈಲ್ ಆ್ಯಪ್ ಯಾವುದನ್ನೂ ನಂಬಬಾರದು. ಈ ಪುಟಗಳು ನಿಂತಿರುವುದೇ ನಿಖರವಾದ ಬಣ್ಣದ ಮಸಿಯ ಮೇಲೆ. ಪ್ರಿಂಟರ್ ಹೊಳಪನ್ನು ಕೊಂಚ ಏರುಪೇರು ಮಾಡಿದರೂ ದೋಷವಿದ್ದವನು ಬಣ್ಣ ನೋಡದೆ ಹೊಳಪು ನೋಡಿಯೇ ಸಂಖ್ಯೆ ಓದುತ್ತಾನೆ. ಆ್ಯಪ್‌ನಲ್ಲಿ ಪರದೆ ಪರದೆಗೂ ಬಣ್ಣ ಬೇರೆ, ಅದರ ಮೇಲೆ ರಾತ್ರಿಯ ಹಳದಿ ಮೋಡ್ ಬೇರೆ.

ಇನ್ನು ಮುಖ್ಯ ವಿಷಯ. ಮಗ ಪರೀಕ್ಷೆಯಲ್ಲಿ ಸೋತನೆಂದು ತಿಳಿದ ಮನೆಯಲ್ಲಿ ಮೊದಲು ಬರುವ ಮಾತು, ‘ನಮ್ಮ ಒಕ್ಕದಲ್ಲಿ ಯಾರಿಗೂ ಇಲ್ಲವಲ್ಲ’ ಎಂದು. ಒಕ್ಕವೆಂದರೆ ತಂದೆಯ ಸಾಲಿನ ಮನೆತನ. ಆ ಮಾತು ನಿಜವೇ ಇರಬಹುದು, ಆದರೆ ಅದಕ್ಕೂ ಈ ದೋಷಕ್ಕೂ ಸಂಬಂಧವಿಲ್ಲ. ಕೆಂಪು ಮತ್ತು ಹಸಿರಿನ ವಂಶವಾಹಿಗಳೆರಡೂ ಎಕ್ಸ್ ವರ್ಣತಂತುವಿನ ತುದಿಯಲ್ಲಿವೆ. ಮಗನಿಗೆ ಅಪ್ಪನಿಂದ ಸಿಗುವುದು ವೈ, ಅಮ್ಮನಿಂದ ಎಕ್ಸ್. ಆದ್ದರಿಂದ ಅಪ್ಪನ ಬಣ್ಣಗುರುಡು ಮಗನಿಗೆ ಎಂದೂ ಬರುವುದಿಲ್ಲ. ಮಗನ ದೋಷ ಬಂದದ್ದು ತಾಯಿಯಿಂದ, ತಾಯಿಗೆ ಅವಳ ತಂದೆಯಿಂದಲೋ ತಾಯಿಯಿಂದಲೋ. ಒಕ್ಕದ ಮೂಲಮನೆಯಾದ ಐನ್‌ಮನೆಯ ವಂಶಾವಳಿ ಗಂಡುಮಕ್ಕಳ ಸಾಲನ್ನು ಎಷ್ಟೇ ತಲೆಮಾರು ಹಿಂದಕ್ಕೆ ಹಿಡಿದಿಟ್ಟಿದ್ದರೂ ಅದು ವೈ ಸಾಗಿದ ದಾರಿ. ಬಣ್ಣಗುರುಡಿನ ದಾರಿ ಮದುವೆಯಾಗಿ ಬೇರೆ ಒಕ್ಕಕ್ಕೆ ಹೋದ ಹೆಣ್ಣುಮಕ್ಕಳದು, ಅವರ ಹೆಸರು ಆ ಸಾಲಿನಲ್ಲಿ ಮುಂದುವರಿಯುವುದಿಲ್ಲ. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕೌಟುಂಬಿಕ ಹಾಕಿಯ ಮೈದಾನವನ್ನೇ ನೋಡಿ: ಬಣ್ಣಗುರುಡಿರುವ ಅಜ್ಜನೂ ಅದೇ ದೋಷ ಪಡೆದ ಮಗಳ ಮಗನೂ ಬೇರೆಬೇರೆ ಮನೆ ಹೆಸರಿನ ತಂಡಗಳವರು. ಅವರಿಬ್ಬರ ಸಂಬಂಧವನ್ನು ತಂಡದ ಪಟ್ಟಿ ತೋರಿಸುವುದಿಲ್ಲ. ಅರೆಭಾಷೆ ಗೌಡರ ಮನೆಗಳಲ್ಲೂ, ತಂದೆಯ ಸಾಲಿನಲ್ಲಿ ಹೆಸರು ಉಳಿಸಿಕೊಳ್ಳುವ ಉಳಿದವರಲ್ಲೂ ಇದೇ ಕತೆ.

ತಾತನಿಂದ ಮಗಳ ಮೂಲಕ ಮೊಮ್ಮಗನಿಗೆ ಎಂಬ ಈ ಜಾಡನ್ನು ಸ್ವಿಸ್ ನೇತ್ರವೈದ್ಯ ಹಾರ್ನರ್ 1876ರಲ್ಲೇ ಬರೆದಿಟ್ಟಿದ್ದ, ಎಕ್ಸ್ ಎಂಬುದು ಏನೆಂದು ಗೊತ್ತಾಗುವ ಮೊದಲೇ.

ಹಾಗಾಗಿ ಪರೀಕ್ಷೆಯ ಜೊತೆಗೆ ಒಂದು ಹಾಳೆ ತೆಗೆದುಕೊಳ್ಳಿ. ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ. ದೋಷವಿರುವ ಹುಡುಗನ ಚೌಕವನ್ನು ತುಂಬಿ, ಅಲ್ಲಿಂದ ಮೇಲಕ್ಕೆ ತಾಯಿ, ತಾಯಿಯ ಅಣ್ಣತಮ್ಮಂದಿರು, ತಾಯಿಯ ಅಪ್ಪ; ಪಕ್ಕಕ್ಕೆ ಚಿಕ್ಕಮ್ಮ ದೊಡ್ಡಮ್ಮಂದಿರು ಮತ್ತು ಅವರ ಗಂಡುಮಕ್ಕಳು. ಪುಸ್ತಕ ಮೊದಲು ತೋರಿಸಬೇಕಾದದ್ದು ಸೋದರಮಾವನಿಗೆ ಮತ್ತು ತಾಯಿಯ ತಂದೆಗೆ. ಅಪ್ಪನ ಅಣ್ಣತಮ್ಮಂದಿರನ್ನು ಕೂರಿಸಿ ಸಮಯ ಕಳೆಯಬೇಡಿ.

ಲೆಕ್ಕ ಸರಳ, ಆದರೆ ಜನ ಎಡವುವುದು ಇಲ್ಲೇ. ಬಣ್ಣಗುರುಡಿರುವ ಗಂಡಸಿನ ಹೆಣ್ಣುಮಕ್ಕಳೆಲ್ಲರೂ ವಾಹಕಿಯರು (ತಮಗೆ ದೋಷ ಕಾಣದಿದ್ದರೂ ಮಕ್ಕಳಿಗೆ ಅದನ್ನು ದಾಟಿಸಬಲ್ಲವರು), ಒಬ್ಬಳೂ ತಪ್ಪುವುದಿಲ್ಲ, ಏಕೆಂದರೆ ಅವನಲ್ಲಿ ಕೊಡಲು ಇರುವ ಎಕ್ಸ್ ಅದೊಂದೇ. ವಾಹಕಿಯ ಪ್ರತಿ ಮಗನಿಗೂ ದೋಷ ಬರುವ ಸಾಧ್ಯತೆ ಅರ್ಧ, ಪ್ರತಿ ಮಗಳೂ ವಾಹಕಿಯಾಗುವ ಸಾಧ್ಯತೆ ಅರ್ಧ. ಈ ಅರ್ಧ ಪ್ರತಿ ಗರ್ಭಕ್ಕೂ ಹೊಸದಾಗಿ ಅನ್ವಯಿಸುತ್ತದೆ. ದೊಡ್ಡ ಮಗನಿಗೆ ಬಂದಿದೆ, ಚಿಕ್ಕವನು ಪಾರು ಎಂಬ ಸಮಾಧಾನಕ್ಕೆ ಆಧಾರವಿಲ್ಲ. ದೋಷವಿರುವ ಹುಡುಗನ ಅಕ್ಕತಂಗಿಯರು ವಾಹಕಿಯರಾಗಿರುವ ಸಾಧ್ಯತೆಯೂ ತಲಾ ಅರ್ಧ.

ಅಪ್ಪನಿಗೂ ಮಗನಿಗೂ ಇಬ್ಬರಿಗೂ ಇರುವ ಮನೆಗಳಿವೆ. ಆಗ ಎಲ್ಲರೂ ಅಪ್ಪನತ್ತ ಬೆರಳು ತೋರಿಸುತ್ತಾರೆ. ಆದರೆ ಅಲ್ಲೂ ಮಗನಿಗೆ ಬಂದದ್ದು ಅಮ್ಮನಿಂದಲೇ, ಎರಡು ಬೇರೆ ಕವಲುಗಳು ಒಂದೇ ಮನೆಯಲ್ಲಿ ಕೂಡಿವೆ ಅಷ್ಟೆ. ಇದು ಅಷ್ಟೇನೂ ವಿಚಿತ್ರವಲ್ಲ. ಯುರೋಪ್ ಮೂಲದ ಜನರಲ್ಲಿ ಗಂಡಸರ ಪೈಕಿ ಸುಮಾರು ಶೇ. 8 ಮಂದಿಗೆ ಈ ದೋಷವಿದೆ. ಅದೇ ಲೆಕ್ಕ ಹಿಡಿದರೆ ಅಲ್ಲಿ ಹೆಂಗಸರಲ್ಲಿ ಸುಮಾರು ಶೇ. 15 ಮಂದಿ ವಾಹಕಿಯರು.

ಹುಡುಗಿಯೊಬ್ಬಳು ಪುಸ್ತಕದಲ್ಲಿ ಸೋತರೆ ಅವಳ ಅಪ್ಪನನ್ನು ಕೂರಿಸಿ. ಅವಳ ಎರಡು ಎಕ್ಸ್‌ಗಳಲ್ಲಿ ಒಂದು ಅಪ್ಪನದು. ಆನುವಂಶಿಕ ಕೆಂಪು–ಹಸಿರು ದೋಷವಾಗಿದ್ದರೆ ಅಪ್ಪನೂ ಸೋಲಲೇಬೇಕು. ಅಪ್ಪ ಸಲೀಸಾಗಿ ಓದಿದರೆ ಪರೀಕ್ಷೆಯ ಬೆಳಕನ್ನು ಅನುಮಾನಿಸಿ, ಮತ್ತೆ ಮಾಡಿ, ಆಮೇಲೂ ಹಾಗೇ ಬಂದರೆ ಬೇರೆ ಕಾರಣ ಹುಡುಕಲು ವೈದ್ಯರಿಗೆ ತೋರಿಸಿ. ತಾಯಿಗೇ ದೋಷವಿದ್ದರೆ ಅವಳ ಗಂಡುಮಕ್ಕಳೆಲ್ಲರಿಗೂ ಬರುತ್ತದೆ. ಅಲ್ಲಿ ಅರ್ಧದ ಮಾತಿಲ್ಲ.

ಸೋದರಿಕೆಯ ಮದುವೆ ರೂಢಿಯಿರುವ ಮನೆಗಳು ಒಂದು ಲೆಕ್ಕ ತಿಳಿದಿರುವುದು ಒಳ್ಳೆಯದು. ಬಣ್ಣಗುರುಡಿರುವ ಗಂಡಸಿನ ಮಗಳನ್ನು ಅವನ ಅಕ್ಕನ ಮಗನಿಗೆ ಕೊಟ್ಟರು ಎನ್ನಿ. ಮಗಳು ಖಂಡಿತ ವಾಹಕಿ. ಅಕ್ಕ ವಾಹಕಿಯಾಗಿರುವ ಸಾಧ್ಯತೆ ಅರ್ಧ, ಅವಳ ಮಗನಿಗೆ ದೋಷವಿರುವ ಸಾಧ್ಯತೆ ಕಾಲು. ಆ ದಂಪತಿಗೆ ಹುಟ್ಟುವ ಗಂಡುಮಗುವಿಗೆ ಅರ್ಧ ಸಾಧ್ಯತೆ, ಹೆಣ್ಣುಮಗುವಿಗೆ ಎಂಟರಲ್ಲಿ ಒಂದು. ಅಳಿಯನಿಗೆ ಪುಸ್ತಕ ತೋರಿಸಿದ ಕ್ಷಣ ಆ ಎಂಟರಲ್ಲಿ ಒಂದು ಎಂಬುದು ಶೂನ್ಯವಾಗುತ್ತದೆ, ಇಲ್ಲವೇ ಅರ್ಧಕ್ಕೇರುತ್ತದೆ. ಬಣ್ಣಗುರುಡು ಜೀವಕ್ಕೆ ಕುತ್ತಲ್ಲ, ಮದುವೆ ತಡೆಯಲು ಕಾರಣವೂ ಅಲ್ಲ. ಆದರೆ ಇದೇ ಲೆಕ್ಕ ರಕ್ತ ಸುಲಭವಾಗಿ ಹೆಪ್ಪುಗಟ್ಟದ ಹಿಮೋಫಿಲಿಯಾ ಕಾಯಿಲೆಗೂ ಅನ್ವಯಿಸುತ್ತದೆ, ಅಲ್ಲಿ ಅದರ ತೂಕವೇ ಬೇರೆ.

ಈಗ 22ರಿಂದ 25ರ ತನಕದ ಆ ನಾಲ್ಕು ಪುಟಗಳಿಗೆ ಬರೋಣ. ಪ್ರೋಟಾನ್ ಅಪ್ಪನಿಗೂ ಡ್ಯೂಟಾನ್ ವಾಹಕಿ ಅಮ್ಮನಿಗೂ ಹುಟ್ಟಿದ ಹೆಣ್ಣುಮಗಳನ್ನು ಊಹಿಸಿ. ಅವಳಿಗೆ ಒಂದು ಎಕ್ಸ್‌ನಲ್ಲಿ ಕೆಂಪಿನ ದೋಷ, ಅಮ್ಮನ ಕಡೆಯಿಂದ ದೋಷದ ಎಕ್ಸ್ ಬಂದಿದ್ದರೆ ಇನ್ನೊಂದರಲ್ಲಿ ಹಸಿರಿನ ದೋಷ. ಒಂದರಲ್ಲಿ ಇಲ್ಲದ್ದನ್ನು ಇನ್ನೊಂದು ಒದಗಿಸುವುದರಿಂದ ಅವಳು 38 ಪುಟವನ್ನೂ ಸರಿಯಾಗಿ ಓದುತ್ತಾಳೆ. ಆದರೆ ಅವಳ ಗಂಡುಮಕ್ಕಳಲ್ಲಿ ಹೆಚ್ಚುಕಡಿಮೆ ಎಲ್ಲರೂ ಸೋಲುತ್ತಾರೆ, ಕೆಲವರು ಪ್ರೋಟಾನ್ ಆಗಿ, ಕೆಲವರು ಡ್ಯೂಟಾನ್ ಆಗಿ. ಒಬ್ಬ ಮಗ 26 ಎಂಬ ಸಂಖ್ಯೆಯಿರುವ ಪುಟದಲ್ಲಿ 6 ಓದಿ, ಅವನ ತಮ್ಮ ಅದೇ ಪುಟದಲ್ಲಿ 2 ಓದಿದರೆ ಅದು ಪುಸ್ತಕದ ತಪ್ಪಲ್ಲ. ತಾಯಿಯಲ್ಲಿ ಎರಡು ಬಗೆಯೂ ಇರುವುದರ ಗುರುತು. ಹೆಂಗಸರಲ್ಲಿ ಬಣ್ಣಗುರುಡು ಬರೀ ಗುಣಾಕಾರದ ಲೆಕ್ಕಕ್ಕಿಂತ ಕಡಿಮೆ ಇರುವುದಕ್ಕೂ ಇದೇ ಕಾರಣ. ಶೇ. 8ರ ವರ್ಗ ಶೇ. 0.64. ಆದರೆ ಡ್ಯೂಟಾನ್ ಶೇ. 6, ಪ್ರೋಟಾನ್ ಶೇ. 2 ಎಂದು ಬೇರ್ಪಡಿಸಿ ಗುಣಿಸಿದರೆ 0.36 ಮತ್ತು 0.04 ಸೇರಿ ಶೇ. 0.40 ಮಾತ್ರ.

ಇಷ್ಟು ಜನರಲ್ಲಿ ಇದು ಇರುವುದೇಕೆ? ಕೆಂಪಿನ ಮತ್ತು ಹಸಿರಿನ ವಂಶವಾಹಿಗಳು ಎಕ್ಸ್‌ನ ಮೇಲೆ ಅಕ್ಕಪಕ್ಕದಲ್ಲಿವೆ, ಬರಹ ಹೆಚ್ಚುಕಡಿಮೆ ಒಂದೇ. ಅಂಡಾಣು ಆಗುವಾಗ ತಾಯಿಯ ಎರಡು ಎಕ್ಸ್‌ಗಳು ತುಣುಕು ಬದಲಾಯಿಸಿಕೊಳ್ಳುತ್ತವೆ. ಆಗ ಜೋಡಣೆ ಒಂದು ಹೆಜ್ಜೆ ತಪ್ಪಿದರೂ ಒಂದರಲ್ಲಿ ಹಸಿರಿನದು ಕಳೆದುಹೋಗುತ್ತದೆ, ಇಲ್ಲವೇ ಅರ್ಧ ಕೆಂಪು ಅರ್ಧ ಹಸಿರಿನ ಬೆರಕೆ ವಂಶವಾಹಿ ಉಂಟಾಗುತ್ತದೆ. ಪೂರ್ತಿ ಕಳೆದುಹೋದರೆ ದೋಷ ತೀವ್ರ, ಬೆರಕೆಯಾದರೆ ಹೆಚ್ಚಾಗಿ ಸೌಮ್ಯ. ಒಂದೇ ಎಕ್ಸ್ ಹಂಚಿಕೊಂಡ ಅಜ್ಜನಿಗೂ ಮೊಮ್ಮಗನಿಗೂ ದೋಷದ ಬಗೆ ಮತ್ತು ತೀವ್ರತೆ ಸಾಮಾನ್ಯವಾಗಿ ಹೊಂದುತ್ತವೆ. ಹೊಂದದಿದ್ದರೆ ಬೇರೆ ಕವಲು ಹುಡುಕಿ.

ಪುಸ್ತಕದ ದೊಡ್ಡ ಕೊರತೆ ಇಲ್ಲೇ ಕಾಣುವುದು: ವಾಹಕಿಯನ್ನು ಅದು ಗುರುತಿಸಲಾರದು. ಹೆಣ್ಣಿನ ಪ್ರತಿ ಕೋನ್ ಕೋಶದಲ್ಲೂ ಎರಡರಲ್ಲಿ ಒಂದು ಎಕ್ಸ್ ಮಾತ್ರ ಕೆಲಸ ಮಾಡುತ್ತದೆ. ವಾಹಕಿಯ ಕಣ್ಣಿನಲ್ಲಿ ಸುಮಾರು ಅರ್ಧ ಕೋಶಗಳು ಸರಿಯಿರುತ್ತವೆ, ಓದಲು ಅಷ್ಟು ಸಾಕು. ‘ಸೊಸೆಗೆ ಪರೀಕ್ಷೆ ಮಾಡಿಸಿದೆವು, ಎಲ್ಲ ಸರಿಯಿದೆ’ ಎಂಬ ಮಾತು ಅವಳ ಮಕ್ಕಳ ಬಗ್ಗೆ ಏನನ್ನೂ ಹೇಳುವುದಿಲ್ಲ. ಅವಳ ಅಪ್ಪ, ಅಣ್ಣತಮ್ಮಂದಿರ ಪರೀಕ್ಷೆ ಹೇಳುತ್ತದೆ. ನೀಲಿ–ಹಳದಿ ದೋಷವನ್ನೂ ಈ ಪುಸ್ತಕ ಹಿಡಿಯುವುದಿಲ್ಲ. ಅದರ ವಂಶವಾಹಿ ಏಳನೇ ವರ್ಣತಂತುವಿನಲ್ಲಿದ್ದು ಗಂಡು ಹೆಣ್ಣು ಭೇದವಿಲ್ಲದೆ ಬರುತ್ತದೆ. ದೋಷ ಎಷ್ಟು ತೀವ್ರ ಎಂಬುದನ್ನೂ ಅಂಕಗಳು ಸರಿಯಾಗಿ ಹೇಳವು. ಐದು ಪುಟ ಓದಿದವನಿಗಿಂತ ಎರಡು ಓದಿದವನ ಬದುಕು ಕಷ್ಟ ಎಂದೇನಿಲ್ಲ. ತೀವ್ರತೆ ಬೇಕಾದರೆ ಅನೋಮಲೋಸ್ಕೋಪ್ (ಕೆಂಪು, ಹಸಿರು ಬೆಳಕು ಬೆರೆಸಿ ಹಳದಿಗೆ ಹೊಂದಿಸುವ ಉಪಕರಣ) ಅಥವಾ ಬಣ್ಣದ ಬಿಲ್ಲೆಗಳನ್ನು ಜೋಡಿಸುವ ಡಿ-15 ಪರೀಕ್ಷೆ ಮಾಡಿಸಬೇಕು.

ಕಾಫಿ ತೋಟದವರಿಗೆ ಒಂದು ಮಾತು. ಪ್ರೋಟಾನ್ ಬಗೆಯವರಿಗೆ ಕೆಂಪು ಬಣ್ಣ ಕಪ್ಪಿನತ್ತ ವಾಲುತ್ತದೆ, ಹಣ್ಣು ಕಡುಹಸಿರೆಲೆಯ ನೆರಳಿನಲ್ಲಿ ಕರಗಿಹೋಗುತ್ತದೆ. ಡ್ಯೂಟಾನ್‌ನವರಿಗೆ ಹೊಳಪು ಉಳಿಯುತ್ತದೆ, ಬಣ್ಣದ ಅಂತರ ಮಾತ್ರ ಕುಗ್ಗುತ್ತದೆ. ಅರೆಬಿಕಾವನ್ನು ಪಲ್ಪ್ ಮಾಡಿ (ಯಂತ್ರದಲ್ಲಿ ಹಣ್ಣಿನ ಸಿಪ್ಪೆ ಬಿಡಿಸಿ) ಪಾರ್ಚ್‌ಮೆಂಟ್ ತೆಗೆಯುವ ತೋಟಗಳಲ್ಲಿ ಹಸಿರು ಕಾಯಿ ಬೆರೆತರೆ ಪಲ್ಪರ್‌ನಲ್ಲಿ ಸಿಪ್ಪೆ ಬಿಡದು, ಕಾಫಿಯ ರುಚಿಯೂ ಕೆಡುತ್ತದೆ. ಕುಕ್ಕೆಯಲ್ಲಿ ಮತ್ತೆ ಮತ್ತೆ ಕಾಯಿ ಬರುವ ಗಂಡಾಳನ್ನು ಸೋಮಾರಿ ಎಂದು ಬೈಯುವ ಮೊದಲು ಗೆರೆ ಎಳೆಯುವ ಪುಟಗಳನ್ನು ಅವನ ಮುಂದಿಡಿ. ಅವನಿಗೆ ಕೈ ಕೆಲಸ ಕಲಿಸಬಹುದು: ಹಣ್ಣು ಬೆರಳಿಗೆ ಮೆತ್ತಗಿರುತ್ತದೆ, ಹಿಚುಕಿದರೆ ಬೀಜ ಜಾರುತ್ತದೆ, ಕಾಯಿ ಗಟ್ಟಿ. ಅಥವಾ ರೋಬಸ್ಟಾದ ಕೊನೆಯ ಕೊಯ್ಲಿಗೆ, ಎಲ್ಲವನ್ನೂ ಒಟ್ಟಿಗೆ ಉದುರಿಸುವ ಕಡೆಗೆ ಹಾಕಬಹುದು. ಕರಿಮೆಣಸಿನ ಗೊಂಚಲಿನಲ್ಲಿ ಒಂದೆರಡು ಕಾಳು ಕೆಂಪಾಗಿದೆಯೇ ಎಂದು ಏಣಿಯ ಮೇಲಿಂದ ನೋಡುವ ಕೆಲಸಕ್ಕೆ ಅವನೊಬ್ಬನನ್ನೇ ನೆಚ್ಚಬೇಡಿ.

ಬಣ್ಣಗುರುಡಿಗೆಂದು ಮಾರುವ ಕನ್ನಡಕಗಳ ಬಗ್ಗೆ ಕೇಳುವವರು ಬಹಳ. ಅವು ಬೆಳಕಿನ ಕೆಲವು ಅಲೆಗಳನ್ನು ಸೋಸಿ ಬಣ್ಣಗಳ ವ್ಯತ್ಯಾಸ ಹೆಚ್ಚಿಸುತ್ತವೆ, ಇಲ್ಲದ ಕೋನ್ ಕೋಶವನ್ನು ಕೊಡುವುದಿಲ್ಲ. ಅಂಥ ಕನ್ನಡಕ ಹಾಕಿ ಪುಸ್ತಕ ಓದಿದ ಫಲಿತಾಂಶಕ್ಕೆ ಬೆಲೆಯಿಲ್ಲ, ಭರ್ತಿಯಲ್ಲೂ ನಡೆಯುವುದಿಲ್ಲ. ಸೇನೆಯಲ್ಲಿ ವರ್ಣದೃಷ್ಟಿಗೆ ಸಿಪಿ (ಕಲರ್ ಪರ್ಸೆಪ್ಶನ್) ದರ್ಜೆಗಳಿವೆ, ಯಾವ ಹುದ್ದೆಗೆ ಯಾವ ದರ್ಜೆ ಎಂಬುದನ್ನು ಆಯಾ ಅಧಿಸೂಚನೆಯಲ್ಲೇ ಓದಬೇಕು. ವಾಹನ ಪರವಾನಗಿಯ ಭಯ ಮಾತ್ರ ಈಗ ಅಷ್ಟಿಲ್ಲ: 2020ರ ಜೂನ್ ತಿದ್ದುಪಡಿಯಿಂದ ಸೌಮ್ಯ ಮತ್ತು ಮಧ್ಯಮ ಬಣ್ಣಗುರುಡು ಇರುವವರಿಗೂ ಪರವಾನಗಿ ಸಿಗುತ್ತದೆ.

ಹಿಮೋಫಿಲಿಯಾ ಮತ್ತು ಜಿ6ಪಿಡಿ (ಕೆಂಪು ರಕ್ತಕಣಗಳನ್ನು ಕಾಪಾಡುವ ಕಿಣ್ವ) ಕೊರತೆಯ ವಂಶವಾಹಿಗಳೂ ಎಕ್ಸ್‌ನ ಅದೇ ತುದಿಯಲ್ಲಿವೆ. 1937ರಲ್ಲಿ ವಿಜ್ಞಾನಿಗಳಾದ ಬೆಲ್ ಮತ್ತು ಹಾಲ್ಡೇನ್ ಮನುಷ್ಯರಲ್ಲಿ ಎರಡು ಗುಣಗಳು ಒಂದೇ ವರ್ಣತಂತುವಿನಲ್ಲಿ ಜೊತೆಯಾಗಿ ಸಾಗುವುದನ್ನು ತೋರಿಸಿದ್ದು ಹಿಮೋಫಿಲಿಯಾ ಮತ್ತು ಬಣ್ಣಗುರುಡಿನ ಕುಟುಂಬಗಳನ್ನು ನೋಡಿಯೇ. ಹಾಗೆಂದು ಬಣ್ಣಗುರುಡು ಇದ್ದವರಿಗೆ ಆ ಕಾಯಿಲೆಗಳ ಅಪಾಯ ಹೆಚ್ಚೇನಲ್ಲ. ಆದರೆ ಮೇಲೆ ಹೇಳಿದ ಹಾಳೆ ಮೂರಕ್ಕೂ ಆಗುತ್ತದೆ. ಸೋದರಮಾವನಿಗೆ ಹಲ್ಲು ಕಿತ್ತಾಗ ರಕ್ತ ನಿಲ್ಲಲಿಲ್ಲ, ಮಲೇರಿಯಾಕ್ಕೆ ಪ್ರಿಮಾಕ್ವಿನ್ ಕೊಟ್ಟಾಗ ಮೂತ್ರ ಕಪ್ಪಾಗಿ ಕಾಮಾಲೆ ಬಂತು ಎಂಬ ಮಾತು ಕೇಳಿಬಂದರೆ ಅವನ ಚೌಕದ ಪಕ್ಕ ಬರೆದಿಟ್ಟು ವೈದ್ಯರಿಗೆ ತೋರಿಸಿ. ಹಿಮೋಫಿಲಿಯಾದಲ್ಲಿ ಒಂದು ವ್ಯತ್ಯಾಸವಿದೆ: ತೀವ್ರ ಪ್ರಕರಣಗಳಲ್ಲಿ ಸುಮಾರು ಮೂರರಲ್ಲೊಂದು ಮನೆಯಲ್ಲಿ ಹಿಂದೆ ಯಾರಿಗೂ ಇಲ್ಲದೆ ಬರುತ್ತವೆ. ಅಲ್ಲಿ ಹಾಳೆ ಖಾಲಿಯಿದೆ ಎಂದು ಸುಮ್ಮನಿರಬಾರದು.

ಕೊಳ್ಳುವವರಿಗೆ: ಶಾಲೆಗಳು, ತೋಟದ ಕಚೇರಿಗಳು, ಗ್ರಾಮದ ಆರೋಗ್ಯ ಕೇಂದ್ರಗಳು 38 ಪುಟದ್ದನ್ನೇ ತರಿಸಲಿ, ಹಲವು ಮನೆಯವರು ಸೇರಿ ಒಂದನ್ನು ಕೊಂಡರೂ ಸಾಕು. ಒಬ್ಬ ಹುಡುಗನನ್ನು ನೋಡಲೆಂದು ಮನೆಯೊಂದು ಕೊಳ್ಳಬೇಕಿಲ್ಲ, ಕಣ್ಣಿನ ವೈದ್ಯರಲ್ಲಿ ಮಾಡಿಸಿದರಾಯಿತು. ಸೆಕೆಂಡ್‌ಹ್ಯಾಂಡ್ ಪ್ರತಿ ಕೊಳ್ಳುವಾಗ ಪುಟ ಮಾಸಿದೆಯೇ, ಬಿಸಿಲಿಗೆ ಬಣ್ಣ ಇಳಿದಿದೆಯೇ ನೋಡಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಇಲ್ಲಿನ ಶೀತಕ್ಕೆ ಪುಟಗಳ ಮೇಲೆ ಬೂಷ್ಟು ಬರುತ್ತದೆ, ಬೂಷ್ಟಿನ ಚುಕ್ಕೆ ಮುದ್ರಿತ ಚುಕ್ಕೆಯ ನಡುವೆ ಸೇರಿದರೆ ಆ ಪುಟ ಕೆಲಸಕ್ಕೆ ಬಾರದು. ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆ, ಮುಚ್ಚಿದ ಸ್ಥಿತಿಯಲ್ಲಿ, ಕತ್ತಲಲ್ಲಿ ಇಡಿ. ಬಿಸಿಲಿಗೆ ಹಾಕಿ ಒಣಗಿಸಬೇಡಿ. ಫಲಿತಾಂಶದ ಚೀಟಿಯಲ್ಲಿ ‘ಪಾಸ್’, ‘ಫೇಲ್’ ಎಂದಷ್ಟೇ ಬರೆಯದೆ ಆವೃತ್ತಿ, ಬೆಳಕು, 21ರಲ್ಲಿ ಸರಿಯಾದವು ಎಷ್ಟು, 22ರಿಂದ 25ರಲ್ಲಿ ಕಂಡ ಅಂಕಿಗಳು, ಜೊತೆಗೆ ತಾಯಿಯ ತಂದೆಯ ಮತ್ತು ಸೋದರಮಾವಂದಿರ ಫಲಿತಾಂಶ ಬರೆದುಕೊಡಿ. ಆ ಚೀಟಿ ಹುಡುಗನ ಅಕ್ಕತಂಗಿಯರಿಗೂ ಒಂದೊಂದು ಪ್ರತಿ ಇರಲಿ.